ತಪ್ಪೇ ಇಲ್ಲದ ರಿಜಿಸ್ಟರ್

ನಾಸಿಕ್ ಮತ್ತು ತ್ರ್ಯಂಬಕೇಶ್ವರ ಸಿಂಹಸ್ಥ ಕುಂಭಮೇಳಕ್ಕೆ ಸಜ್ಜಾಗುತ್ತಿವೆ. 2027ರ ಆಗಸ್ಟ್‌ನಿಂದ ಅಮೃತಸ್ನಾನಗಳು. ಘಾಟು, ರಸ್ತೆ, ಸೇತುವೆಗಳು ಎಲ್ಲರ ಕಣ್ಣಿಗೂ ಬೀಳುತ್ತವೆ. ರಕ್ತನಿಧಿಯ ಫ್ರಿಜ್ಜು ಉದ್ಘಾಟನೆಗೆ ಒದಗುವ ವಸ್ತುವಲ್ಲ. 2003ರ ಮೇಳದಲ್ಲಿ ನಾಸಿಕ್‌ನ ಕಾಲ್ತುಳಿತಕ್ಕೆ 39 ಜನ ಬಲಿಯಾದರು. ಅಂಥ ದಿನ ಮತ್ತೆ ಬಂದರೆ ಒತ್ತಡ ನಾಸಿಕ್‌ನ ಜಿಲ್ಲಾಸ್ಪತ್ರೆಯ ಮೇಲಷ್ಟೇ ಅಲ್ಲ, ಛತ್ರಪತಿ ಸಂಭಾಜಿನಗರದ ‘ಘಾಟಿ’ ಸರ್ಕಾರಿ ಆಸ್ಪತ್ರೆಯ ಮೇಲೂ ಬೀಳಬಹುದು. ಶಿರಡಿ, ತ್ರ್ಯಂಬಕ, ವೇರೂಳ (ಎಲ್ಲೋರಾ) ಎಂದು ಹೊರಡುವ ಕಲಬುರಗಿ, ವಿಜಯಪುರದ ಕುಟುಂಬಗಳಿಗೂ ಆ ಹೊತ್ತಿಗೆ ಆಸರೆ ಅಲ್ಲಿನ ರಕ್ತವೇ. ಆದ್ದರಿಂದ ಈ ಮಾತನ್ನು ಈಗಲೇ ಆಡಬೇಕಾಗಿದೆ. ಇದು ಯಾವುದೇ ಒಂದು ಆಸ್ಪತ್ರೆಯ ಮೇಲಿನ ದೂರಲ್ಲ. ಯಾವ ರಕ್ತನಿಧಿಯಲ್ಲೇ ಆಗಲಿ ಮೊದಲು ಕಣ್ಣು ಹಾಯಿಸಬೇಕಾದ ಜಾಗಗಳ ಮಾತು.

ಮೊದಲನೆಯದು ತಾಪಮಾನದ ಪುಸ್ತಕ. ಕೆಂಪು ರಕ್ತಕಣಗಳ ಚೀಲ 2ರಿಂದ 6 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇರಬೇಕು. ಪ್ಲೇಟ್‌ಲೆಟ್ಟಿಗೆ ಬೇಕಾದ್ದು 20ರಿಂದ 24 ಡಿಗ್ರಿ; ಅದನ್ನು ಸದಾ ಅಲುಗಾಡಿಸುತ್ತಿರಬೇಕು, ಆಯಸ್ಸು 5 ದಿನ. ಮರಾಠವಾಡದ ಬಿರುಬೇಸಿಗೆಯಲ್ಲಿ, ಕರೆಂಟು ಹೋಗಿ ಬಂದ ದಿನವೂ, ಪುಸ್ತಕದ ತುಂಬ ಬರೀ 4, 4, 4 ಎಂದೇ ಇದ್ದರೆ ಅದನ್ನು ಶಿಸ್ತೆಂದು ಮೆಚ್ಚಬೇಡಿ. ಡ್ಯೂಟಿ ಮುಗಿಯುವಾಗ ಒಂದೇ ಪೆನ್ನಿನಲ್ಲಿ ಒಟ್ಟಿಗೆ ತುಂಬಿದ ಅಂಕಿಗಳವು. ಪದೇಪದೇ ಕೂಗುತ್ತದೆಂದು ಅಲಾರಂನ ಬಾಯಿ ಮುಚ್ಚಿಸಿದ್ದರೆ ಅದು ಇನ್ನೊಂದು ಗುರುತು.

ಎರಡನೆಯದು ರೋಗಿಯ ಹಾಸಿಗೆಯ ಪಕ್ಕ. ಗುಂಪು ತಪ್ಪಿದ ರಕ್ತ ದೇಹ ಸೇರುವುದು ಹೆಚ್ಚಾಗಿ ವಿಜ್ಞಾನ ಸೋತಾಗಲ್ಲ, ಹೆಸರು ಅದಲುಬದಲಾದಾಗ. ರಕ್ತ ತೆಗೆದ ಮೇಲೆ ಟ್ಯೂಬನ್ನು ಜೇಬಿಗೆ ಹಾಕಿಕೊಂಡು ನರ್ಸಿಂಗ್ ಟೇಬಲ್ಲಿನ ಬಳಿ ಲೇಬಲ್ ಅಂಟಿಸುವ ಅಭ್ಯಾಸವೇ ಸಾಕು. ಇದರ ಜೊತೆಗೆ ರಾತ್ರಿಪಾಳಿಯ ಅವಸರವೂ ಸೇರುತ್ತದೆ; ಅವಸರದಲ್ಲಿ ಪರೀಕ್ಷೆಯೂ ಮೊಟಕಾಗುತ್ತದೆ. 1952ರಲ್ಲಿ ಮುಂಬೈಯ ಡಾ. ವೈ. ಎಂ. ಭೆಂಡೆ ಮತ್ತು ಸಂಗಡಿಗರು ಗುರುತಿಸಿದ ‘ಬಾಂಬೆ ಗುಂಪು’ ಮೇಲ್ನೋಟದ ಪರೀಕ್ಷೆಯಲ್ಲಿ ‘ಒ’ ಗುಂಪಿನಂತೆಯೇ ತೋರುತ್ತದೆ. ರೋಗಿಯ ಸೀರಂ ಹಿಡಿದು ಮಾಡುವ ರಿವರ್ಸ್ ಗ್ರೂಪಿಂಗ್ ಮತ್ತು ಕ್ರಾಸ್‌ಮ್ಯಾಚ್ ನಿಜ ಹೇಳುತ್ತವೆ. ‘ಒ ತಾನೇ, ಕೊಟ್ಟುಬಿಡಿ’ ಎಂದವನಿಗೆ ಆ ಗುಂಪು ಕ್ಷಮೆ ಕೊಡುವುದಿಲ್ಲ. ಅದು ಪತ್ತೆಯಾಗಿ ಹೆಸರಾದದ್ದು ಇದೇ ನೆಲದಲ್ಲಿ ಎಂಬುದನ್ನು ಮರೆಯುವಂತಿಲ್ಲ.

ಮೂರನೆಯದು ರಕ್ತದಾನ ಶಿಬಿರದ ಸಾಲು. ನಾಯಕರ ಹುಟ್ಟುಹಬ್ಬಕ್ಕೆ ಚೀಲಗಳು ರಾಶಿ ಬೀಳುತ್ತವೆ. ಮೇ ತಿಂಗಳಲ್ಲಿ ಸಂಬಂಧಿಕರು ದಾನಿಗಾಗಿ ಅಲೆಯುತ್ತಾರೆ. ಎರಡೂ ಕಡೆ ಬಡವಾಗುವುದು ದಾನಿಯ ಪ್ರಶ್ನಾವಳಿ: ಒಂದು ಕಡೆ ಗಡಿಬಿಡಿ, ಇನ್ನೊಂದು ಕಡೆ ಮುಜುಗರ. ಎಚ್‌ಐವಿ, ಹೆಪಟೈಟಿಸ್ ಬಿ ಮತ್ತು ಸಿ, ಸಿಫಿಲಿಸ್, ಮಲೇರಿಯಾ ಪರೀಕ್ಷೆ ಕಡ್ಡಾಯ, ನಿಜ. ಆದರೆ ಸೋಂಕು ತಗುಲಿದ ಆರಂಭದ ದಿನಗಳಲ್ಲಿ ಪರೀಕ್ಷೆಗೆ ಅದು ಸಿಗದೇ ಹೋಗಬಹುದು. ವೈರಸ್ಸಿನ ವಂಶವಾಹಿಯನ್ನೇ ಹುಡುಕುವ ನ್ಯಾಟ್ ಪರೀಕ್ಷೆ ಆ ಅವಧಿಯನ್ನು ಕುಗ್ಗಿಸುತ್ತದೆ, ಅಳಿಸುವುದಿಲ್ಲ. ಅಲ್ಲಿ ಕಾವಲಿರುವುದು ದಾನಿಯ ಪ್ರಾಮಾಣಿಕ ಉತ್ತರವೊಂದೇ. 2022ರಲ್ಲಿ ನಾಗಪುರದಲ್ಲಿ ಥಲಸ್ಸೀಮಿಯಾ ಇದ್ದು ಪದೇಪದೇ ರಕ್ತ ಏರಿಸಿಕೊಳ್ಳುತ್ತಿದ್ದ ನಾಲ್ವರು ಮಕ್ಕಳಲ್ಲಿ ಎಚ್‌ಐವಿ ಪತ್ತೆಯಾಯಿತು. ಒಂದು ಮಗು ತೀರಿಕೊಂಡಿತು. 2025ರಲ್ಲಿ ಜಾರ್ಖಂಡ್‌ನ ಚಾಯಿಬಾಸಾದಿಂದ ಅಂಥದೇ ಸುದ್ದಿ ಬಂತು.

ನಾಲ್ಕನೆಯದು ‘ನಿಲ್’ ಎಂಬ ವರದಿ. ರಕ್ತ ಏರಿಸಿದಾಗ ಚಳಿಜ್ವರ, ತುರಿಕೆ ಬರುವುದು ಅಪರೂಪವಲ್ಲ. ಅವನ್ನು ದಾಖಲಿಸಲೆಂದೇ 2012ರ ಡಿಸೆಂಬರ್‌ನಲ್ಲಿ ರಾಷ್ಟ್ರೀಯ ಹಿಮೋವಿಜಿಲೆನ್ಸ್ ಕಾರ್ಯಕ್ರಮ ಶುರುವಾಯಿತು. ವರ್ಷವಿಡೀ ಒಂದೂ ತೊಂದರೆ ಕಾಣದ ಆಸ್ಪತ್ರೆ ಸುರಕ್ಷಿತವಲ್ಲ. ಅದು ನೋಡುವುದನ್ನೇ ಬಿಟ್ಟಿದೆ.

‘ಇಷ್ಟು ದಿನ ಏನೂ ಆಗಿಲ್ಲವಲ್ಲ?’ ಈ ಉತ್ತರವನ್ನು ನಾವು ಹಿಂದೆಯೂ ಕೇಳಿದ್ದೇವೆ. ಹಣಕ್ಕೆ ರಕ್ತ ಮಾರುವವರು ಆಸ್ಪತ್ರೆಗಳ ಗೇಟಿನಲ್ಲಿ ನಿಲ್ಲುತ್ತಿದ್ದ ಕಾಲದಲ್ಲೂ ಅದೇ ಉತ್ತರ. 1996ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಗದರಿಸಿದ ಮೇಲಷ್ಟೇ, 1998ರ ಆರಂಭಕ್ಕೆ, ಆ ವ್ಯಾಪಾರಕ್ಕೆ ನಿಷೇಧ ಬಂತು. ಅಷ್ಟರೊಳಗೆ ಯಾರ ಮೈಗೆ ಏನು ಸೇರಿತೆಂಬ ಲೆಕ್ಕ ಯಾವ ರಿಜಿಸ್ಟರಿನಲ್ಲೂ ಇಲ್ಲ.

ಮಾಡಬೇಕಾದ್ದು ದೊಡ್ಡದೇನಲ್ಲ. ಹಾಸಿಗೆಯ ಬಳಿಯೇ ಲೇಬಲ್. ರಾತ್ರಿಗೆ ಇನ್ನೊಬ್ಬ ಟೆಕ್ನೀಷಿಯನ್. ಹೇಳದೆ ಕೇಳದೆ ತಪಾಸಣೆ. ತಪ್ಪು ಬರೆದಿಟ್ಟವನಿಗೆ ಮೆಮೊ ಬದಲು ರಕ್ಷಣೆ.

ಉಗುರಿನಲ್ಲಿ ಹೋಗುವುದಕ್ಕೆ ಕೊಡಲಿ ಎತ್ತುವ ದಿನ ಬರಬಾರದು. ಮೇಳಕ್ಕೆ ಮುನ್ನ ನಾಸಿಕ್, ಸಂಭಾಜಿನಗರ ಎರಡೂ ನಗರಗಳ ಅಧಿಕಾರಿಗಳು ಅತ್ಯಂತ ಅಚ್ಚುಕಟ್ಟಾದ ರಿಜಿಸ್ಟರನ್ನೇ ಮೊದಲು ತರಿಸಿ ಓದಲಿ.