ಹಿಸ್ಟಾರಿಕ್ ಮತ್ತು ಹಿಸ್ಟಾರಿಕಲ್

ನಮ್ಮ ಒಂಬತ್ತನೆಯ ತರಗತಿಯ ವಿದ್ಯಾರ್ಥಿನಿಯರಿಗೆ ‘ನನ್ನ ಊರು’ ಎಂಬ ವಿಷಯದ ಮೇಲೆ ಇಂಗ್ಲಿಷಿನಲ್ಲಿ ಒಂದು ಪ್ರಬಂಧವನ್ನು ಬರೆದು ತರುವಂತೆ ಹೇಳಿದ್ದೆನು. ಆವತಿಯಿಂದ ಬರುವ ಹುಡುಗಿಯೊಬ್ಬಳು ತನ್ನ ಊರು ‘ಹಿಸ್ಟಾರಿಕಲ್’ ಆದ ಗ್ರಾಮವೆಂದು ಬರೆದು, ಅದರ ಮುಂದಿನ ವಾಕ್ಯದಲ್ಲಿಯೇ ತನ್ನ ಅಜ್ಜಿಯ ಬೀಸುವ ಕಲ್ಲೂ ‘ಹಿಸ್ಟಾರಿಕಲ್’ ಆದ ವಸ್ತುವೆಂದು ಬರೆದಿದ್ದಳು. ಪ್ರಬಂಧವನ್ನು ಗಟ್ಟಿಯಾಗಿ ಓದಿಸಿದಾಗ ಮೊದಲನೆಯ ವಾಕ್ಯಕ್ಕೆ ತರಗತಿಯೆಲ್ಲ ತಲೆದೂಗಿತು. ಎರಡನೆಯದಕ್ಕೆ ಗೊಳ್ಳೆಂದು ನಕ್ಕಿತು. ನಾನೂ ಕೆಂಪು ಮಸಿಯಿಂದ ಎರಡನೆಯ ವಾಕ್ಯಕ್ಕೆ ಅಡ್ಡಗೆರೆಯನ್ನೆಳೆದೆನು. ಮನೆಗೆ ಬಂದು ನಿಧಾನವಾಗಿ ಆಲೋಚಿಸಿದ ಮೇಲೆ, ತಪ್ಪು ಮಾಡಿದವಳು ಆ ಹುಡುಗಿಯಲ್ಲ, ನಾನೇ ಎಂದು ಹೊಳೆಯಿತು. ಈ ಬರಹವು ಆ ಅಡ್ಡಗೆರೆಯ ಪ್ರಾಯಶ್ಚಿತ್ತವೆಂದು ವಾಚಕರು ತಿಳಿಯಬಹುದು.

ಹಿಸ್ಟಾರಿಕ್ ಮತ್ತು ಹಿಸ್ಟಾರಿಕಲ್ ಎಂಬ ಇಂಗ್ಲಿಷ್ ಮಾತುಗಳೆರಡೂ ಒಂದೇ ತಾಯಿಯ ಮಕ್ಕಳು. ಹಿಂದಿನ ಕಾಲದ ಇಂಗ್ಲಿಷ್ ಗ್ರಂಥಕರ್ತರು ಒಂದರ ಸ್ಥಾನದಲ್ಲಿ ಇನ್ನೊಂದನ್ನು ಧಾರಾಳವಾಗಿ ಬಳಸುತ್ತಿದ್ದರು. ಕಾಲಕ್ರಮದಲ್ಲಿ ಅವುಗಳಿಗೆ ಬೇರೆ ಬೇರೆ ಕೆಲಸಗಳು ಒದಗಿದುವು. ಇತಿಹಾಸದಲ್ಲಿ ಚಿರಸ್ಥಾಯಿಯಾದ ಕೀರ್ತಿಯನ್ನು ಪಡೆದುದು, ಅಥವಾ ಪಡೆಯಲು ಯೋಗ್ಯವಾದುದು ಹಿಸ್ಟಾರಿಕ್. ಕಳೆದ ಕಾಲಕ್ಕೆ ಸಂಬಂಧಪಟ್ಟುದು, ಆ ಕಾಲವನ್ನು ತಿಳಿಯಲು ಆಧಾರವಾಗುವುದು ಹಿಸ್ಟಾರಿಕಲ್. 1947ನೆಯ ಇಸವಿಯ ಆಗಸ್ಟ್ 15ನೆಯ ದಿನವು ಹಿಸ್ಟಾರಿಕ್. ಆ ವಾರದಲ್ಲಿ ದೇವನಹಳ್ಳಿಯ ಅಂಗಡಿಯವನೊಬ್ಬನು ರಾಗಿಯನ್ನು ಮಾರಿ ಬರೆದಿಟ್ಟ ಲೆಕ್ಕದ ಪುಸ್ತಕವಿದ್ದರೆ ಅದು ಹಿಸ್ಟಾರಿಕಲ್. ಮೊದಲನೆಯ ಮಾತು ಗೌರವವನ್ನು ಸೂಚಿಸುತ್ತದೆ. ಎರಡನೆಯದು ಸಂಬಂಧವನ್ನು ಮಾತ್ರ ಸೂಚಿಸುತ್ತದೆ. ಎಕನಾಮಿಕ್ ಎಂದರೆ ಆರ್ಥಿಕ, ಎಕನಾಮಿಕಲ್ ಎಂದರೆ ಮಿತವ್ಯಯದ್ದು ಎಂಬ ಭೇದವನ್ನು ಬಲ್ಲ ವಿದ್ಯಾರ್ಥಿನಿಯರಿಗೆ ಇದು ಕಠಿಣವಾಗಲಾರದು.

ಕಠಿಣವಾಗುವುದು ನಮ್ಮ ಕನ್ನಡದಿಂದ. ಈ ಎರಡು ಅರ್ಥಗಳಿಗೂ ನಾವು ‘ಐತಿಹಾಸಿಕ’ ಎಂಬ ಒಂದೇ ಪದವನ್ನು ಹಚ್ಚುತ್ತೇವೆ. ಪತ್ರಿಕೆಗಳಲ್ಲಿ ಪಂದ್ಯದ ಗೆಲುವೂ ಐತಿಹಾಸಿಕ, ನ್ಯಾಯಾಲಯದ ತೀರ್ಪೂ ಐತಿಹಾಸಿಕ, ಹಳೆಯ ದಾಖಲೆಯೂ ಐತಿಹಾಸಿಕ, ರಾಜರ ಕಥೆಯುಳ್ಳ ಕಾದಂಬರಿಯೂ ಐತಿಹಾಸಿಕ. ಹೀಗೆ ಒಂದೇ ಪದದಲ್ಲಿ ಕೀರ್ತಿಯೂ ಕಾಲವೂ ಬೆರೆತುಹೋಗುವುದರಿಂದ, ಕೀರ್ತಿಯಿಲ್ಲದ ವಸ್ತುವಿಗೆ ಇತಿಹಾಸವೇ ಇಲ್ಲವೆಂಬ ಭ್ರಾಂತಿ ಮಕ್ಕಳ ಮನಸ್ಸಿನಲ್ಲಿ ನೆಲೆಗೊಳ್ಳುತ್ತದೆ. ನನ್ನ ತರಗತಿಯ ನಗುವಿಗೆ ಕಾರಣ ಇದೇ.

ಆವತಿಯನ್ನೇ ತೆಗೆದುಕೊಳ್ಳೋಣ. ದೇವನಹಳ್ಳಿಯಿಂದ ಚಿಕ್ಕಬಳ್ಳಾಪುರಕ್ಕೆ ಹೋಗುವ ಹೆದ್ದಾರಿಯಲ್ಲಿ ವೇಗವಾಗಿ ಸಾಗುವವರಿಗೆ ಅದು ಒಂದು ಸಣ್ಣ ಊರು, ಒಂದು ಬೆಟ್ಟ. ಆದರೆ ಆವತಿ ನಾಡಪ್ರಭುಗಳು ಹೊರಟುದು ಅಲ್ಲಿಂದ. ಅವರ ವಂಶದ ಮಲ್ಲಬೈರೇಗೌಡನು 1501ರಲ್ಲಿ ದೇವನಹಳ್ಳಿಯಲ್ಲಿ ಕೋಟೆಯನ್ನು ಕಟ್ಟಿಸಿದನು. ದೊಡ್ಡಬಳ್ಳಾಪುರ, ಚಿಕ್ಕಬಳ್ಳಾಪುರ, ಹೊಸಕೋಟೆಗಳ ಪಾಳೆಯಗಾರರ ಮೂಲವನ್ನೂ ಆವತಿಗೇ ಕೊಂಡೊಯ್ಯುತ್ತಾರೆ. ಇಷ್ಟರಿಂದಲೇ ಆವತಿಯು ಹಿಸ್ಟಾರಿಕ್ ಎನಿಸಿಕೊಳ್ಳಲು ಅರ್ಹವಾಗಿದೆ. ಹುಡುಗಿಯು ಬರೆದ ಎರಡು ವಾಕ್ಯಗಳಲ್ಲಿ ತಿದ್ದತಕ್ಕದ್ದು ಇದ್ದರೆ ಅದು ಎಲ್ಲರೂ ತಲೆದೂಗಿದ ಮೊದಲನೆಯದೇ ಹೊರತು, ನಾನು ಹೊಡೆದುಹಾಕಿದ ಎರಡನೆಯದಲ್ಲ!

ಇನ್ನು ಆವತಿಯ ಹುಟ್ಟಿನ ಕಥೆ. ಕಂಚಿಯ ಸೀಮೆಯಲ್ಲಿದ್ದ ಒಕ್ಕಲಿಗರ ಮನೆಯ ಹೆಣ್ಣುಮಗಳನ್ನು ಪ್ರಬಲನಾದ ದೊರೆಯೊಬ್ಬನು ಬಲಾತ್ಕಾರವಾಗಿ ಮದುವೆಗೆ ಕೇಳಿದನಂತೆ. ರಣಬೈರೇಗೌಡನೇ ಮೊದಲಾದ ಏಳು ಮಂದಿ ಸಹೋದರರು ರಾತ್ರೋರಾತ್ರಿ ಬಂಡಿ ಕಟ್ಟಿಕೊಂಡು ಹೊರಟರಂತೆ. ತುಂಬಿ ಹರಿಯುತ್ತಿದ್ದ ಹೊಳೆಯು ಆ ಮಗಳ ಮೊರೆಯನ್ನು ಕೇಳಿ ದಾರಿ ಬಿಟ್ಟಿತಂತೆ. ಇದು ಹಿಸ್ಟಾರಿಕ್ಕೂ ಅಲ್ಲ, ಹಿಸ್ಟಾರಿಕಲ್ಲೂ ಅಲ್ಲ. ಇದಕ್ಕೆ ನಮ್ಮಲ್ಲಿ ‘ಐತಿಹ್ಯ’ ಎಂಬ ಸೊಗಸಾದ ಹೆಸರಿದೆ. ಇತಿಹಾಸವೆಂದರೆ ‘ಹೀಗೆಯೇ ಇದ್ದಿತು’ ಎಂದು ಅರ್ಥ. ಐತಿಹ್ಯವೆಂದರೆ ‘ಹೀಗೆಂದು ಹಿರಿಯರು ಹೇಳುವರು’ ಎಂದು ಅರ್ಥ. ಈ ಅಂತರವನ್ನು ಕನ್ನಡವು ‘ಅಂತೆ’ ಎಂಬ ಎರಡೇ ಅಕ್ಷರಗಳಲ್ಲಿ ಹಿಡಿದಿಡುತ್ತದೆ. ‘ಬಿಟ್ಟಿತು’ ಎನ್ನುವವನು ಸಾಕ್ಷಿ ನುಡಿಯುತ್ತಾನೆ. ‘ಬಿಟ್ಟಿತಂತೆ’ ಎನ್ನುವವನು ಕೇಳಿದ್ದನ್ನು ಪ್ರಾಮಾಣಿಕವಾಗಿ ದಾಟಿಸುತ್ತಾನೆ. ಓದಿದವರಾದ ನಾವು ಈ ‘ಅಂತೆ’ಯನ್ನು ಕೈಬಿಡುತ್ತಿರುವುದು ಶೋಚನೀಯ.

ಈ ಮೂರು ಮಾತುಗಳೂ ಒಂದೆಡೆ ಕೂಡುವ ದೃಷ್ಟಾಂತವೊಂದು ಬೆಂಗಳೂರಿನಲ್ಲಿಯೇ ಇದೆ. ಹೊಯ್ಸಳ ವೀರಬಲ್ಲಾಳನು ಕಾಡಿನಲ್ಲಿ ದಾರಿ ತಪ್ಪಿ ಮುದುಕಿಯೊಬ್ಬಳ ಗುಡಿಸಲಿನಲ್ಲಿ ಬೆಂದ ಕಾಳನ್ನು ಉಂಡುದರಿಂದ ‘ಬೆಂದಕಾಳೂರು’ ಆಯಿತಂತೆ, ಇದು ಐತಿಹ್ಯ. ಆದರೆ ಬೇಗೂರಿನ ನಾಗೇಶ್ವರ ದೇವಾಲಯದ ಆವರಣದಲ್ಲಿರುವ, ಸುಮಾರು 890ನೆಯ ಇಸವಿಯದೆಂದು ವಿದ್ವಾಂಸರು ನಿರ್ಣಯಿಸಿರುವ ಗಂಗರ ಕಾಲದ ವೀರಗಲ್ಲಿನಲ್ಲಿ ಬೆಂಗಳೂರಿನ ಕಾಳಗದ ಉಲ್ಲೇಖವಿದೆ. ಬಲ್ಲಾಳನು ಆಳಿದುದು ಹನ್ನೆರಡನೆಯ ಶತಮಾನದ ಕೊನೆಯಲ್ಲಿ ಮತ್ತು ಹದಿಮೂರನೆಯದರ ಆರಂಭದಲ್ಲಿ. ಎಂದಮೇಲೆ ಅವನು ಕಾಳನ್ನು ಉಣ್ಣುವುದಕ್ಕೆ ಸುಮಾರು ಮುನ್ನೂರು ವರ್ಷಗಳ ಮುಂಚೆಯೇ ಊರಿಗೆ ಆ ಹೆಸರಿದ್ದಿತು. ಆ ಕಲ್ಲು ಯಾವ ಸಾಮ್ರಾಟನ ದಿಗ್ವಿಜಯವನ್ನೂ ಸಾರುವುದಿಲ್ಲ. ಹೋರಾಡಿ ಮಡಿದವನ ನೆನಪಿಗೆ ನಿಲ್ಲಿಸಿದ ಕಲ್ಲು ಅದು. ಹಿಸ್ಟಾರಿಕಲ್ ಆಗಿ ಶತಮಾನಗಳ ಕಾಲ ಸುಮ್ಮನೆ ನಿಂತಿದ್ದ ಕಲ್ಲು, ಓದಬಲ್ಲವರು ಬಂದು ಓದಿದ ದಿನ ಹಿಸ್ಟಾರಿಕ್ ಆಯಿತು.

ಓದಬಲ್ಲವರು ಎಂದೆನಲ್ಲವೆ? ಆವತಿ ಪ್ರಭುಗಳ ವೃತ್ತಾಂತವನ್ನು ಮೈಸೂರು ಗೆಜೆಟಿಯರಿನಲ್ಲಿ ಸೇರಿಸಿದ ಬಿ. ಎಲ್. ರೈಸರು 1837ರಲ್ಲಿ ಬೆಂಗಳೂರಿನಲ್ಲಿಯೇ ಹುಟ್ಟಿದವರು, ಮಿಷನರಿಯೊಬ್ಬರ ಮಗ, ವಿದ್ಯಾ ಇಲಾಖೆಯಲ್ಲಿ ಅಧಿಕಾರಿಯಾಗಿದ್ದವರು. ಕೆರೆಯ ಏರಿಯ ಮೇಲೂ ಹೊಲದ ಬದುವಿನಲ್ಲೂ ಯಾರೂ ಲಕ್ಷಿಸದೆ ಬಿದ್ದಿದ್ದ ಶಾಸನಗಳನ್ನು ಸಾವಿರಗಟ್ಟಲೆ ಸಂಗ್ರಹಿಸಿ ಅವರು ಎಪಿಗ್ರಾಫಿಯಾ ಕರ್ನಾಟಿಕದ ಸಂಪುಟಗಳನ್ನು ಪ್ರಕಟಿಸಿದರು. ಪ್ರಸಿದ್ಧವಾದುದನ್ನು ಮಾತ್ರವೇ ಅವರು ಹುಡುಕಿದ್ದರೆ ಕನ್ನಡ ನಾಡಿನ ಚರಿತ್ರೆಯ ಬಹುಭಾಗವು ಇನ್ನೂ ಕತ್ತಲೆಯಲ್ಲಿಯೇ ಇರುತ್ತಿದ್ದಿತು.

“ಇವೆಲ್ಲ ಪರೀಕ್ಷೆಯ ಅಂಕಗಳಿಗೆ ಬೇಕಾದ ಸೂಕ್ಷ್ಮಗಳು; ಬದುಕಿಗೆ ಇದರಿಂದೇನು?” ಎಂದು ಕೇಳುವವರುಂಟು. ಹೆಣ್ಣುಮಕ್ಕಳ ಶಾಲೆಯಲ್ಲಿ ಇಪ್ಪತ್ತು ವರ್ಷಗಳಿಂದ ಪಾಠ ಹೇಳುತ್ತಿರುವ ನಾನು ಹೇಳುವುದಿಷ್ಟೆ: ಕೋಟೆ ಕಟ್ಟಿದವನ ಹೆಸರು ಉಳಿದಿದೆ, ಕಟ್ಟಿದವರಿಗೆ ಹಿಟ್ಟು ಬೀಸಿದವಳ ಹೆಸರು ಉಳಿದಿಲ್ಲ. ಹಿಸ್ಟಾರಿಕ್ ಆದುದನ್ನು ಮಾತ್ರವೇ ಇತಿಹಾಸವೆಂದು ಎಣಿಸಿದರೆ ನಮ್ಮ ತಾಯಂದಿರೂ ಅಜ್ಜಿಯರೂ ಅದರಲ್ಲಿ ಎಲ್ಲಿಯೂ ಸಿಕ್ಕುವುದಿಲ್ಲ. ಹಿಸ್ಟಾರಿಕಲ್ ಎಂಬ ಸಾಧಾರಣವಾದ ಪದಕ್ಕೆ ಬಾಗಿಲು ತೆರೆದರೆ ಅವರೆಲ್ಲರೂ ಒಳಗೆ ಬರುತ್ತಾರೆ. ಬೀಸುವ ಕಲ್ಲು, ಬೀಸುವಾಗ ಹಾಡಿದ ಪದ, ಮದುವೆಯ ಖರ್ಚಿನ ಚೀಟಿ, ಎಲ್ಲವೂ ಸಾಕ್ಷಿಗಳಾಗುತ್ತವೆ. ನಮ್ಮ ಶಾಲೆಯ ದಾಖಲಾತಿ ಪುಸ್ತಕವೂ ಅಂತಹುದೇ. ಅದರಲ್ಲಿ ಒಬ್ಬ ಹುಡುಗಿಯು ಎಷ್ಟು ವಯಸ್ಸಿಗೆ ಸೇರಿದಳು, ಯಾವ ತರಗತಿಯಲ್ಲಿ ಬಿಟ್ಟಳು ಎಂಬುದನ್ನು ಓದುವಾಗ ಒಂದು ಕಾಲವೇ ಕಣ್ಣೆದುರಿಗೆ ನಿಲ್ಲುತ್ತದೆ.

ಆದುದರಿಂದ ನನ್ನದೊಂದು ಸೂಚನೆ. ಜಾತ್ರೆಗಳ ಕರೆಯೋಲೆಗಳಲ್ಲಿ ನಾವು ದಿನವೂ ಕಾಣುವ ‘ಇತಿಹಾಸಪ್ರಸಿದ್ಧ’ ಎಂಬ ಪದವನ್ನು ಹಿಸ್ಟಾರಿಕ್ ಎಂಬುದಕ್ಕೂ, ‘ಐತಿಹಾಸಿಕ’ ಎಂಬುದನ್ನು ಹಿಸ್ಟಾರಿಕಲ್ ಎಂಬುದಕ್ಕೂ ಮೀಸಲಿಡೋಣ. ಐತಿಹ್ಯಕ್ಕೆ ಅದರ ‘ಅಂತೆ’ಯನ್ನು ಮರಳಿ ಕೊಡೋಣ. ಹೊಸ ಪದವನ್ನು ಟಂಕಿಸುವ ಶ್ರಮವಿಲ್ಲ. ಇರುವುದನ್ನು ಸ್ಥಾನವರಿತು ಬಳಸಿದರೆ ಸಾಕು.

ಆ ಹುಡುಗಿಯ ಪುಸ್ತಕವನ್ನು ಮರುದಿನ ಕೇಳಿ ತೆಗೆದುಕೊಂಡು, ನನ್ನ ಅಡ್ಡಗೆರೆಯ ಪಕ್ಕದಲ್ಲಿ ‘ವಾಕ್ಯವು ಸರಿಯಾಗಿದೆ’ ಎಂದು ಬರೆದು ಸಹಿ ಮಾಡಿದೆನು. ಆ ಕಲ್ಲು ಯಾವ ಊರಿನಿಂದ ಬಂದಿತು, ಯಾರ ಮದುವೆಯಲ್ಲಿ ಬಂದಿತು, ಅದರ ಮುಂದೆ ಕುಳಿತು ಏನನ್ನು ಹಾಡುತ್ತಿದ್ದರು ಎಂದು ಅಜ್ಜಿಯನ್ನು ಕೇಳಿ ಬರೆದು ತರಬೇಕೆಂದೂ ಹೇಳಿದೆನು. ನಕ್ಕವರಿಗೂ ಅದೇ ಕೆಲಸವನ್ನು ಕೊಟ್ಟಿದ್ದೇನೆ. ಈ ಸಂಚಿಕೆಯನ್ನು ಓದುವ ಹಳೆಯ ವಿದ್ಯಾರ್ಥಿನಿಯರೂ ತಮ್ಮ ಮನೆಯ ಹಿರಿಯರು ಇರುವಾಗಲೇ ಕೇಳಿ ಬರೆದಿಟ್ಟರೆ ನನ್ನ ಪಾಠವು ಸಾರ್ಥಕವಾದೀತು.

ಮುಖ್ಯೋಪಾಧ್ಯಾಯಿನಿ