ರಾಶಿ ಕಣದಿಂದ ಕೃಷಿ ಸಚಿವರಿಗೊಂದು ಪತ್ರ

ಮಾನ್ಯ ಕೃಷಿ ಸಚಿವರಿಗೆ,

ಸುರಪುರ ತಾಲ್ಲೂಕಿನ ದೇವಾಪುರದಿಂದ ಬರೆಯುತ್ತಿದ್ದೇನೆ.

ನಾನು ಮೂವತ್ತು ವರ್ಷ ಶಾಲೆಯಲ್ಲಿ ವಿಜ್ಞಾನ ಕಲಿಸಿ, ನಿವೃತ್ತಿಯಾದ ಮೇಲೆ ಅಪ್ಪನ ಹೊಲಕ್ಕೆ ಮರಳಿದವನು. ನೀರು 100 ಡಿಗ್ರಿಗೆ ಕುದಿಯುತ್ತದೆ ಎಂದು ಕರಿಹಲಗೆಯ ಮೇಲೆ ಎಷ್ಟು ಸಲ ಬರೆದಿದ್ದೇನೋ ಲೆಕ್ಕವಿಲ್ಲ. ಆ ಪಾಠದಲ್ಲಿ ನಾನು ಅರ್ಧವನ್ನಷ್ಟೇ ಹೇಳುತ್ತಿದ್ದೆ ಎಂಬುದು ತಿಳಿದದ್ದು ಹೋದ ವರ್ಷದ ತೊಗರಿ ರಾಶಿಯ ಕಣದಲ್ಲಿ.

ಅಂದು ಡ್ರೈವರ್ ಹುಡುಗ ಊರಲ್ಲಿರಲಿಲ್ಲ. ಟ್ರ್ಯಾಕ್ಟರನ್ನು ನಾನೇ ಕಣಕ್ಕೆ ತಂದು ನಿಲ್ಲಿಸಿ, ಹಿಂದೆ ರಾಶಿ ಮಷೀನ್ ಸಿಕ್ಕಿಸಿ ಚಾಲೂ ಮಾಡಿದೆ. ಕೂಲಿಯವರು ತೊಗರಿ ಕಟ್ಟಿಗೆ ಹಾಕುತ್ತಿದ್ದರು, ಹೊಟ್ಟು ಹಾರುತ್ತಿತ್ತು. ಎರಡು ತಾಸಿನ ಮೇಲೆ ಮೀಟರ್ ಕಡೆ ನೋಡಿದರೆ ಒಂದು ಮುಳ್ಳು ಪೂರ್ತಿ ಬಲಕ್ಕೆ ಹೋಗಿ ನಿಂತಿತ್ತು. ಡೀಸೆಲ್ ಭರ್ತಿ ಇದೆ ಎಂದುಕೊಂಡು ಸಮಾಧಾನಪಟ್ಟೆ! ಅದು ಡೀಸೆಲ್ ಮುಳ್ಳಲ್ಲ, ಶಾಖದ ಮುಳ್ಳು ಎಂದು ಅರಿವಾಗುವಷ್ಟರಲ್ಲಿ ಬಾನೆಟ್ ಸಂದಿಯಿಂದ ಹಬೆ ಏಳುತ್ತಿತ್ತು. ಗಾಬರಿಯಲ್ಲಿ ಗಾಡಿ ಬಂದ್ ಮಾಡಿ, ಒಂದು ಕೈಯಲ್ಲಿ ತಣ್ಣೀರ ಕೊಡ ಹಿಡಿದು, ಇನ್ನೊಂದು ಕೈಯನ್ನು ರೇಡಿಯೇಟರಿನ ಮುಚ್ಚಳಕ್ಕೆ ಹಾಕಲು ಹೋದೆ.

ಕಟ್ಟಿಗೆ ಹಾಕುತ್ತಿದ್ದ ಹೆಣ್ಣುಮಗಳೊಬ್ಬಳು ಚೀರಿದಳು: "ಸರ, ಕೈ ಹಚ್ಚಬ್ಯಾಡ್ರಿ! ಕುಕ್ಕರ್ ಸೀಟಿ ಹೊಡಿಯಾಗ ಯಾರರ ಮುಚ್ಚಳ ತೆಗೀತಾರೇನ್ರಿ?"

ನನ್ನ ಕೈ, ಮುಖ ಉಳಿದದ್ದು ಆ ಮಾತಿನಿಂದ. ರೇಡಿಯೇಟರ್ ಕೂಡ ಕುಕ್ಕರೇ. ಒತ್ತಡ ವಾತಾವರಣದ ಎರಡರಷ್ಟಾದರೆ ನೀರು ಕುದಿಯುವುದು 120 ಡಿಗ್ರಿಗೆ. ಒಳಗೆ ನೂರು ದಾಟಿಯೂ ನೀರಾಗಿಯೇ ಇದ್ದದ್ದು, ಮುಚ್ಚಳ ಬಿಚ್ಚಿ ಒತ್ತಡ ಇಳಿದ ಕ್ಷಣದಲ್ಲಿ ಹಬೆಯಾಗಿ ಮುಖಕ್ಕೆ ಸಿಡಿಯುತ್ತದೆ. ಇಷ್ಟು ವಿಜ್ಞಾನ ನನಗೆ ಗೊತ್ತಿತ್ತು. ಆದರೆ ಕಣದಲ್ಲಿ ನೆನಪಾದದ್ದು ಆಕೆಗೆ.

ಸುರಪುರದ ಮಿಸ್ತ್ರಿಗೆ ಫೋನ್ ಹಚ್ಚಿದೆ. "ಸೀಜನ್ ಅದ್ರಿ ಸರ, ನಾಳಿ ಬರ್ತೀನಿ. ಅಲ್ಲಿತನ ನಾ ಹೇಳಿದಂಗ ಮಾಡ್ರಿ" ಅಂದ. ಮೊದಲು ನನ್ನ ತಪ್ಪು ಎಣಿಸಿದ. ಮುಳ್ಳು ಕೆಂಪಿಗೆ ಬಂದ ಕೂಡಲೇ ಮಷೀನಿನ ಭಾರ ಬಿಡಿಸಿ, ಎಂಜಿನ್ನನ್ನು ನಿಧಾನಕ್ಕೆ ಎರಡು ಮೂರು ನಿಮಿಷ ಓಡಲು ಬಿಡಬೇಕಿತ್ತು. ಆಗ ಪಂಪು ನೀರು ತಿರುಗಿಸುತ್ತದೆ, ಫ್ಯಾನು ಗಾಳಿ ಎಳೆಯುತ್ತದೆ. ಒಮ್ಮೆಲೇ ಬಂದ್ ಮಾಡಿದರೆ ಎರಡೂ ನಿಂತು ಕಾವು ಒಳಗೇ ಉಳಿಯುತ್ತದೆ. ನೀರು ಸೋರಿ ಖಾಲಿಯಾಗಿದ್ದರೆ, ಆಯಿಲ್ ದೀಪ ಹತ್ತಿದ್ದರೆ ಮಾತ್ರ ತಕ್ಷಣ ಬಂದ್ ಮಾಡಬೇಕು. ಕಾದ ಎಂಜಿನ್ನಿಗೆ ತಣ್ಣೀರು ಸುರಿಯಲೇಬಾರದು, ಸುರಿದರೆ ಬೀಡು ಬಿರಿಯುತ್ತದೆ.

ಒಂದು ತಾಸು ಬೇವಿನ ನೆರಳಲ್ಲಿ ಕೂತೆ. ಮುಚ್ಚಳ ಕೈಗೆ ತಣ್ಣಗಾದ ಮೇಲೆ ಬಟ್ಟೆ ಹಾಕಿ ನಿಧಾನಕ್ಕೆ ತಿರುವಿದೆ. ನೀರು ಸ್ವಲ್ಪ ಇಳಿದಿತ್ತು, ಅಷ್ಟೇ. ಪೈಪುಗಳಲ್ಲಿ ಸೋರಿಕೆ ಇರಲಿಲ್ಲ. ಫ್ಯಾನ್ ಬೆಲ್ಟನ್ನು ಹೆಬ್ಬೆರಳಿಂದ ಒತ್ತಿ ನೋಡಿದೆ, ಅರ್ಧ ಇಂಚಿನಷ್ಟು ಬಗ್ಗಿತು, ಸರಿಯಿತ್ತು. "ಹಂಗಾರ ಮುಂದಿನ ಜಾಲಿ ತೆಗೀರಿ" ಅಂದ ಮಿಸ್ತ್ರಿ. ತೆಗೆದೆ. ರೇಡಿಯೇಟರಿನ ಮೈಗೆ ತೊಗರಿ ಹೊಟ್ಟು ಕಂಬಳಿ ಹೊದಿಸಿದಂತೆ ಮೆತ್ತಿತ್ತು. ಫ್ಯಾನ್ ಗಾಳಿಯನ್ನು ಮುಂದಿನಿಂದ ಎಳೆಯುತ್ತದೆ. ನಾನು ಗಾಳಿಯ ದಿಕ್ಕು ನೋಡದೆ ಗಾಡಿ ನಿಲ್ಲಿಸಿದ್ದರಿಂದ ಹೊಟ್ಟೆಲ್ಲ ಮೂತಿಗೇ ಬಂದು ಬಡಿಯುತ್ತಿತ್ತು. ಎಂಜಿನ್ ಕಡೆಯಿಂದ ಹೊರಮುಖವಾಗಿ ಮೆಲ್ಲಗೆ ನೀರು ಬಿಟ್ಟು ತೊಳೆದೆ, ಗಾಡಿಯ ಮೂತಿ ತಿರುಗಿಸಿ ನಿಲ್ಲಿಸಿದೆ. ಸಂಜೆಗೆ ರಾಶಿ ಮುಗಿಯಿತು. ಮರುದಿನ ಮಿಸ್ತ್ರಿ ಬರುವುದು ಬೇಕಾಗಲಿಲ್ಲ.

ಸಚಿವರೇ, ಈ ಪುರಾಣವನ್ನು ತಮಗೆ ಯಾಕೆ ಬರೆಯುತ್ತಿದ್ದೇನೆಂದರೆ, ಇದರಲ್ಲಿ ಯಾವುದೂ ಗುಟ್ಟಿನ ವಿದ್ಯೆಯಲ್ಲ. ಒಂದು ದಿನದಲ್ಲಿ ಕಲಿಸಬಹುದಾದದ್ದು. ನಮ್ಮ ಅಪ್ಪ ಎತ್ತಿನ ಮೂತಿ ಮುಟ್ಟಿ ಜ್ವರ ಹೇಳುತ್ತಿದ್ದರು, ಮೆಲುಕು ನಿಂತರೆ ಹಗ್ಗ ಬಿಚ್ಚುತ್ತಿದ್ದರು. ಅದನ್ನು ಅವರಿಗೆ ಅವರಪ್ಪ ಕಲಿಸಿದ್ದರು. ಟ್ರ್ಯಾಕ್ಟರಿನ ಜ್ವರ ನೋಡುವುದನ್ನು ನಮಗೆ ಕಲಿಸಲು ಹಿಂದಿನವರಿಲ್ಲ. ಬಸವಸಾಗರದ ಎಡದಂಡೆ ಕಾಲುವೆಯ ನೀರು ಬಂದ ಮೇಲೆ ಸುರಪುರ, ಶಹಾಪುರದ ಎರೆ ಹೊಲಗಳು ಭತ್ತದ ಗದ್ದೆಗಳಾದವು. ಕೇಜ್‌ವೀಲ್ ಹಾಕಿ ಕೆಸರು ತುಳಿಯುವುದು ಎಂಜಿನ್ನಿಗೆ ಜೀವ ಹಿಂಡುವ ಕೆಲಸ. ಆ ಸೀಟಿನ ಮೇಲೆ ಕೂರುವವರು ಬಹುತೇಕ ದಿನಗೂಲಿಯ ಹುಡುಗರು. ಮೀಟರಿನ ಮೇಲಿರುವುದು ಇಂಗ್ಲಿಷ್ ಅಕ್ಷರ. ನನಗೆ ಗಾಡಿಯ ಜೊತೆ ಬಂದ ಪುಸ್ತಕವೂ ಇಂಗ್ಲಿಷಿನದೇ. ಹೊಟ್ಟು ತೊಳೆದರೆ ಮುಗಿಯುವ ಕೆಲಸ, ತಿಳಿಯದೆ ಓಡಿಸಿದರೆ ಹೆಡ್ ಗ್ಯಾಸ್ಕೆಟ್ ಸುಟ್ಟು ಎಂಜಿನ್ ಬಿಚ್ಚುವ ತನಕ ಹೋಗುತ್ತದೆ. ಕೊನೆಗೆ ಆ ಖರ್ಚು ಬೀಳುವುದು ಸಾಲದ ಲೆಕ್ಕಕ್ಕೆ.

ಯಂತ್ರಗಳನ್ನು ರೈತರಿಗೆ ತಲುಪಿಸುವ ಕೆಲಸ ಸರ್ಕಾರದಿಂದ ನಡೆದಿದೆ. 2014-15ರಲ್ಲಿ ಶುರುವಾದ ಕೃಷಿ ಯಂತ್ರಧಾರೆಯ ಬಾಡಿಗೆ ಕೇಂದ್ರಗಳಿವೆ, ಸಹಾಯಧನವಿದೆ. ಕಲಿಸುವ ಜಾಗಗಳೂ ಇವೆ. ಟ್ರ್ಯಾಕ್ಟರ್ ತರಬೇತಿಗೆಂದೇ ಕೇಂದ್ರ ಸರ್ಕಾರ 1955ರಲ್ಲಿ ಮಧ್ಯಪ್ರದೇಶದ ಬುದ್ನಿಯಲ್ಲಿ ಸಂಸ್ಥೆ ತೆರೆಯಿತು. ದಕ್ಷಿಣದವರಿಗಾಗಿ ಅಂಥದ್ದೇ ಒಂದು ಅನಂತಪುರ ಜಿಲ್ಲೆಯ ಗಾರ್ಲದಿನ್ನೆಯಲ್ಲಿದೆ. ಆದರೆ ರಾಶಿ ಬಿಟ್ಟು ಅಷ್ಟು ದೂರ ಹೋಗುವ ಕೂಲಿ ಡ್ರೈವರ್ ಯಾರು? ನಮ್ಮ ತಾಲ್ಲೂಕಿನಲ್ಲೇ, ಕವಡಿಮಟ್ಟಿಯಲ್ಲಿ, ರಾಯಚೂರು ಕೃಷಿ ವಿಶ್ವವಿದ್ಯಾಲಯದ ಕೃಷಿ ವಿಜ್ಞಾನ ಕೇಂದ್ರವಿದೆ. ಹೋಬಳಿಗೊಂದು ರೈತ ಸಂಪರ್ಕ ಕೇಂದ್ರವಿದೆ.

ಆದ್ದರಿಂದ ನನ್ನ ಬೇಡಿಕೆ ಮೂರೇ. ಭತ್ತದ ನಾಟಿಗೆ ಮೊದಲೊಂದು, ತೊಗರಿ ರಾಶಿಗೆ ಮೊದಲೊಂದು ದಿನ ರೈತ ಸಂಪರ್ಕ ಕೇಂದ್ರದ ಅಂಗಳದಲ್ಲಿ ಟ್ರ್ಯಾಕ್ಟರ್ ಬಿಚ್ಚಿ ತೋರಿಸಿ. ಭಾಷಣ ಬೇಡ, ಪಾನಾ ರೈತನ ಕೈಯಲ್ಲಿರಲಿ. ಆ ದಿನ ಮಾಲೀಕನ ಜೊತೆ ಓಡಿಸುವ ಹುಡುಗನೂ ಬರಲಿ, ಅವನಿಗೆ ಅಂದಿನ ಕೂಲಿ ಕೊಡಿ. ಸಹಾಯಧನದ ಪ್ರತಿ ಯಂತ್ರದ ಜೊತೆ ಚಿತ್ರವಿರುವ ಒಂದು ಕನ್ನಡ ಹಾಳೆ ಕೊಡಿ: ಯಾವ ಮುಳ್ಳು ಯಾವುದರದು, ಕೆಂಪಿಗೆ ಬಂದರೆ ಮೊದಲು ಏನು, ಮುಚ್ಚಳ ಯಾವಾಗ ತೆಗೆಯಬೇಕು. ಭಾಷೆ "ಶೀತಲೀಕರಣ ವ್ಯವಸ್ಥೆ" ಎಂಬಂಥದ್ದಾಗದಿರಲಿ. "ಗಾಡಿ ಗರಂ ಆದ್ರ" ಎಂದು ಬರೆದರೆ ನಮ್ಮ ಕಡೆ ಓದದವನಿಗೂ ಓದಿ ಹೇಳಿದರೆ ತಿಳಿಯುತ್ತದೆ.

ಮೊದಲ ತರಬೇತಿ ನಮ್ಮ ಹೋಬಳಿಯಲ್ಲಾದರೆ ಪಾಠ ಹೇಳಲು ನನ್ನನ್ನು ಕರೆಯಬೇಡಿ. ಆ ಕುಕ್ಕರಿನ ಹೆಣ್ಣುಮಗಳನ್ನು ಕರೆಯಿರಿ, ನಾನು ಮುಂದಿನ ಸಾಲಿನಲ್ಲಿ ಕೂರುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ದೇವಾಪುರದ ಒಬ್ಬ ರೈತ, ನಿವೃತ್ತ ಶಿಕ್ಷಕ