ರಥದ ಮೇಲಿನ ಗೋಪುರ

ಮಕ್ಕಳೇ, ಮನೆಯಲ್ಲಿ ಐವತ್ತು ರೂಪಾಯಿಯ ನೋಟಿದ್ದರೆ ಕೇಳಿ ತೆಗೆದುಕೊಳ್ಳಿ. 2017ರಲ್ಲಿ ಬಂದ ನೀಲಿ ನೋಟು. ಹಿಂಬದಿಗೆ ತಿರುಗಿಸಿದರೆ ನಮ್ಮ ಹಂಪಿಯ ಕಲ್ಲಿನ ರಥ ಕಾಣುತ್ತದೆ. ನಾನು ಬ್ಯಾಂಕಿನ ಕೌಂಟರಿನಲ್ಲಿ ಕೂತು ನೋಟು ಎಣಿಸುತ್ತಿದ್ದ ಕಾಲದಲ್ಲಿ ಐವತ್ತರ ಬೆನ್ನಿಗೆ ದಿಲ್ಲಿಯ ಸಂಸತ್ ಭವನವಿತ್ತು. ನಾನು ನಿವೃತ್ತನಾದ ಮೇಲೆ ನಮ್ಮೂರ ಪಕ್ಕದ ರಥ ಆ ಜಾಗಕ್ಕೆ ಬಂತು!

ಈಗ ರಥದ ತಲೆಯ ಮೇಲೆ ನೋಡಿ. ಏನೂ ಇಲ್ಲ, ಚಪ್ಪಟೆ. ಹೊಸಪೇಟೆಯ ಮಕ್ಕಳೆಲ್ಲ ರಥದ ಚಿತ್ರ ಬಿಡಿಸುವುದು ಹಾಗೆಯೇ. ಆದರೆ 1856ರಲ್ಲಿ ತೆಗೆದ ಫೋಟೋ ಒಂದಿದೆ. ಅದರಲ್ಲಿ ಇದೇ ರಥದ ಮೇಲೆ ಇಟ್ಟಿಗೆಯ ಗೋಪುರ ನಿಂತಿದೆ. ಯೋಚಿಸಿದರೆ ಅದೇ ಸರಿ. ನಾವು ರಥ ಎನ್ನುವುದು ನಿಜಕ್ಕೂ ವಿಠ್ಠಲನ ಎದುರಿಗಿರುವ ಗರುಡನ ಗುಡಿ. ಗುಡಿಗೆ ಶಿಖರ ಬೇಡವೇ? ಆಮೇಲೆ ಆ ಗೋಪುರ ಹೋಯಿತು. ಫೋಟೋ ಇರದಿದ್ದರೆ, ಅದು ಹೇಗಿತ್ತು ಎಂದು ನಮಗೆ ಇಷ್ಟು ಸ್ಪಷ್ಟವಾಗಿ ತಿಳಿಯುತ್ತಿರಲಿಲ್ಲ.

ಆ ಫೋಟೋ ತೆಗೆದವರು ಅಲೆಕ್ಸಾಂಡರ್ ಗ್ರೀನ್‌ಲಾ, ಮದ್ರಾಸ್ ಸೈನ್ಯದ ಒಬ್ಬ ಅಧಿಕಾರಿ. ಆಗ ಬಳ್ಳಾರಿ ಸೀಮೆಯೆಲ್ಲ ಮದ್ರಾಸಿಗೆ ಸೇರಿತ್ತು. ಸಿಪಾಯಿ ದಂಗೆಗೆ ಇನ್ನೂ ಒಂದು ವರ್ಷವಿತ್ತು. ಹೊಸಪೇಟೆಗೆ ರೈಲು ಬಂದಿರಲಿಲ್ಲ. ಆ ಮನುಷ್ಯ ದೊಡ್ಡ ಮರದ ಕ್ಯಾಮೆರಾ ಸಾಗಿಸಿಕೊಂಡು ಹಂಪಿಗೆ ಬಂದು 60ಕ್ಕೂ ಹೆಚ್ಚು ಚಿತ್ರ ತೆಗೆದರು.

ಫಿಲ್ಮ್ ರೋಲು ಆಗ ಎಲ್ಲಿಯದು? ನೆಗೆಟಿವ್ ಎಂದರೆ ಕಾಗದ. ಒಳ್ಳೆಯ ಕಾಗದಕ್ಕೆ ಮೇಣ ಹೀರಿಸಬೇಕು. ಆಗ ಅದು ದೋಸೆಗೆ ಎಣ್ಣೆ ಬಿದ್ದ ಪೇಪರಿನಂತೆ ಬೆಳಕು ಬಿಡುತ್ತದೆ. ಮೇಲೆ ಬೆಳ್ಳಿಯ ಲವಣ ಹಚ್ಚಿ, ಕತ್ತಲಲ್ಲಿ ಒಣಗಿಸಿ ಇಟ್ಟುಕೊಳ್ಳಬೇಕು. ಮೊದಲೇ ಸಿದ್ಧಮಾಡಿಟ್ಟು ಒಣಗಿದ್ದನ್ನೇ ಬಳಸಬಹುದಾದ್ದರಿಂದ ನಮ್ಮ ಬಿಸಿಲಿನ ಸೀಮೆಗೆ ಈ ವಿಧಾನ ಹೊಂದುತ್ತಿತ್ತು. ಚಿತ್ರವನ್ನು ಹಿಗ್ಗಿಸಿ ಅಚ್ಚು ಹಾಕುವ ಅನುಕೂಲವಿರಲಿಲ್ಲ. ಎಷ್ಟು ದೊಡ್ಡ ಚಿತ್ರ ಬೇಕೋ ಅಷ್ಟೇ ದೊಡ್ಡ ನೆಗೆಟಿವ್ ಬೇಕು. ಗ್ರೀನ್‌ಲಾ ಅವರವು ಒಂದಡಿಗೂ ಹೆಚ್ಚು ಅಗಲ. ಹಾಗಾದರೆ ಕ್ಯಾಮೆರಾ ಎಷ್ಟು ದೊಡ್ಡದು, ನೀವೇ ಲೆಕ್ಕ ಹಾಕಿ.

ಇಂಥ ಕಾಗದದ ಮೇಲೆ ಚಿತ್ರ ಮೂಡಲು ನಿಮಿಷಗಟ್ಟಲೆ ಬೆಳಕು ಬೀಳಬೇಕು. ಕಂಬ ಕಾಯುತ್ತದೆ, ಬಂಡೆ ಕಾಯುತ್ತದೆ. ಮೇಕೆ ಹೊಡೆದುಕೊಂಡು ಹೋಗುವ ಹುಡುಗ ಕಾಯುತ್ತಾನೆಯೇ? ತುಂಗಭದ್ರೆಯ ಹರಿಗೋಲು? ನಡೆದು ಹೋದವರು ಕಾಗದದ ಮೇಲೆ ಗುರುತೇ ಬಿಡುವುದಿಲ್ಲ. ಆ ಕಾಲದ ಚಿತ್ರಗಳನ್ನು ನೋಡಿ ಹಂಪಿ ಅಂದು ಹಾಳು ಸುರಿಯುತ್ತಿತ್ತು, ನರಪಿಳ್ಳೆ ಇರಲಿಲ್ಲ ಎನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ವಿರೂಪಾಕ್ಷನ ಪೂಜೆಗೆ ಜನ ಬರುತ್ತಲೇ ಇದ್ದರು. ಕ್ಯಾಮೆರಾಕ್ಕೆ ಅವರನ್ನು ಹಿಡಿಯುವ ಶಕ್ತಿ ಇರಲಿಲ್ಲ, ಅಷ್ಟೇ.

ಗ್ರೀನ್‌ಲಾ ನೆಗೆಟಿವ್‌ಗಳು ಬಹುಕಾಲ ಯಾರ ಕಣ್ಣಿಗೂ ಬೀಳದೆ, 1980ರ ಸುಮಾರಿಗೆ ಇಂಗ್ಲೆಂಡಿನ ಖಾಸಗಿ ಸಂಗ್ರಹವೊಂದರಲ್ಲಿ ಸಿಕ್ಕವು. ಆ ಹೊತ್ತಿಗೆ ಜಾರ್ಜ್ ಮಿಷೆಲ್ ಮತ್ತು ಜಾನ್ ಫ್ರಿಟ್ಜ್ ಎಂಬ ವಿದ್ವಾಂಸರು ಹಂಪಿಯಲ್ಲಿ ಅಳತೆ, ಅಧ್ಯಯನ ನಡೆಸುತ್ತಿದ್ದರು. 1983ರಲ್ಲಿ ಆಸ್ಟ್ರೇಲಿಯಾದ ಜಾನ್ ಗೋಲಿಂಗ್ಸ್ ಎಂಬ ಛಾಯಾಗ್ರಾಹಕರು ಗ್ರೀನ್‌ಲಾ ನಿಂತಿದ್ದ ಜಾಗಗಳನ್ನೇ ಹುಡುಕಿ, ಅಲ್ಲೇ ನಿಂತು ಮತ್ತೆ ಫೋಟೋ ತೆಗೆದರು.

ಅದೇ ಜಾಗ ಎಂದು ತಿಳಿಯುವುದು ಹೇಗೆ? ಇದು ನೀವೂ ಆಡಬಹುದಾದ ಆಟ. ಹಳೆಯ ಚಿತ್ರದಲ್ಲಿ ಹತ್ತಿರದ ಒಂದು ಕಂಬ, ಅದರ ಹಿಂದೆ ದೂರದ ಗುಡ್ಡದ ಒಂದು ಬಂಡೆ ಆರಿಸಿಕೊಳ್ಳಿ. ಸ್ಥಳಕ್ಕೆ ಹೋಗಿ ನಿಂತಾಗ ಕಂಬ ಬಂಡೆಯನ್ನು ಚಿತ್ರದಲ್ಲಿರುವಷ್ಟೇ ಮುಚ್ಚಬೇಕು. ಒಂದು ಹೆಜ್ಜೆ ಎಡಕ್ಕೆ ಸರಿದರೆ ಬಂಡೆ ಇಣುಕುತ್ತದೆ, ಬಲಕ್ಕೆ ಸರಿದರೆ ಮಾಯವಾಗುತ್ತದೆ. ಇನ್ನೆರಡು ಕಡೆ ಹೀಗೆ ಹೊಂದಿಸಿದರೆ ಕ್ಯಾಮೆರಾ ಇಟ್ಟ ಜಾಗ ನಿಮ್ಮ ಕಾಲಡಿಗೇ ಬರುತ್ತದೆ. ಹಂಪಿಯ ಬಂಡೆಗಳು ಇದಕ್ಕೆ ಹೇಳಿ ಮಾಡಿಸಿದಂಥವು. ಅರಸರು ಹೋದರು, ಗೋಪುರ ಹೋಯಿತು, ಆ ಬಂಡೆಗಳು ಕೂತಲ್ಲೇ ಕೂತಿವೆ.

ಹಂಪಿ ಬಜಾರಿನಲ್ಲಿ ಈ ಆಟ ಆಡಲು ನನಗೆ ಮನಸ್ಸಾಗುವುದಿಲ್ಲ. ಗುಡಿಯ ಮುಂದಿನ ಸಾಲು ಮಂಟಪಗಳಲ್ಲಿ ಅಂಗಡಿ, ಹೋಟೆಲು, ಮನೆ ಎಲ್ಲ ಇದ್ದವು. 2011ರ ಜುಲೈನಲ್ಲಿ ತೆರವು ನಡೆಯಿತು. ಅಲ್ಲಿದ್ದವರಿಗೆ ಕಡ್ಡಿರಾಂಪುರದ ಬಳಿ ಜಾಗ ಗೊತ್ತುಮಾಡಿದರು. ಸ್ಮಾರಕ ಉಳಿಯಬೇಕು ಎಂದವರ ಮಾತಿನಲ್ಲೂ ಹುರುಳಿತ್ತು, ಅಲ್ಲೇ ಬದುಕು ಕಟ್ಟಿಕೊಂಡಿದ್ದವರ ಕಣ್ಣೀರಿನಲ್ಲೂ ಹುರುಳಿತ್ತು. ಈಗ ಮಂಟಪಗಳ ಫೋಟೋ ತೆಗೆದರೆ 1856ರಂತೆಯೇ ಖಾಲಿ ಕಾಣುತ್ತವೆ. ಆದರೆ ಈ ಸಲ ಅದು ಕ್ಯಾಮೆರಾದ ಅಶಕ್ತಿಯಲ್ಲ.

ಕಟ್ಟಡಗಳಿಗೆ ಗ್ರೀನ್‌ಲಾ ಸಿಕ್ಕರು. ಸಂಡೂರಿನ ರಾಜಮನೆತನದ ಎಂ. ವೈ. ಘೋರ್ಪಡೆಯವರು ರಾಜ್ಯದ ಹಣಕಾಸು ಮಂತ್ರಿಯಾಗಿದ್ದವರು. ಕಾಡಿನಲ್ಲಿ ಕಾದು ಕೂತು ಕಪ್ಪು ಬಿಳುಪಿನಲ್ಲಿ ತೆಗೆದ ಚಿತ್ರಗಳಿಂದ ಹೆಸರಾದರು. ಹೀಗೆ ಪ್ರಾಣಿಗಳಿಗೂ ಒಬ್ಬರು ಸಿಕ್ಕರು. ನಮ್ಮ ನಿಮ್ಮಂಥ ಜನರಿಗೆ ಯಾರು? ಮದುವೆ ಮುಂಜಿಗೆ ಬರುತ್ತಿದ್ದ ಊರಿನ ಫೋಟೋಗ್ರಾಫರು. ಅವರು ತೆಗೆದದ್ದೆಲ್ಲ ನಮ್ಮ ಟ್ರಂಕುಗಳಲ್ಲಿದೆ.

ನಮ್ಮ ಬೀದಿಯ ಎಂಬತ್ತೆಂಟರ ಅಜ್ಜಿಯೊಬ್ಬರ ಬಳಿ ಅಂಥದ್ದೊಂದಿದೆ. ಅವರ ಅಕ್ಕನ ಮದುವೆಯದು, ನಾರಾಯಣದೇವರಕೆರೆಯ ಮನೆಯ ಕಟ್ಟೆಯ ಮೇಲೆ ತೆಗೆದದ್ದು. 1953ರಲ್ಲಿ ತುಂಗಭದ್ರಾ ಅಣೆಕಟ್ಟಿನಲ್ಲಿ ನೀರು ನಿಂತಾಗ ಆ ಊರು ಮುಳುಗಿತು. ಜನ ಮರಿಯಮ್ಮನಹಳ್ಳಿಗೆ ಬಂದು ನೆಲೆಸಿದರು. ಅಣೆಕಟ್ಟಿನ ಫೋಟೋ ಬೇಕಾದಷ್ಟು ಸಿಗುತ್ತವೆ. ಆ ಕಟ್ಟೆ, ಆ ಬಾಗಿಲುವಾಡ ನಾನು ನೋಡಿದ್ದು ಇದೊಂದರಲ್ಲೇ. ಒಂಬತ್ತು ಜನ ಇದ್ದಾರೆ. ಕೊನೆಯಲ್ಲಿ ಒಂದು ಮಗು, ಮುಖವೆಲ್ಲ ಕಲಸಿಹೋಗಿದೆ. ಫೋಟೋ ಕೆಟ್ಟಿದೆಯೆಂದು ಅವರ ಸೊಸೆ ಅದನ್ನು ಗೋಡೆಯಿಂದ ಇಳಿಸಿಟ್ಟಿದ್ದರು.

"ಅವ ನನ್ನ ತಮ್ಮ ನೋಡಪ್ಪಾ. ನಿಂದ್ರು ಅಂದ್ರೆ ನಿಂದ್ರಲಿಲ್ಲ. ಮುಂದಿನ ವರ್ಷ ಜ್ವರ ಬಂದು ಹೋದ. ಅವನ ಫೋಟೋ ಅಂತ ಇರೋದು ಇದೊಂದೇ," ಎಂದರು ಅಜ್ಜಿ.

ಸೊಸೆಗೆ ಇದು ಗೊತ್ತೇ ಇರಲಿಲ್ಲ.

ಹಳೆಯ ಫೋಟೋಗಳ ಹಿಂದೆ ಹೆಸರು ಬರೆಯುವುದಾದರೆ ಬಾಲ್ ಪೆನ್ ಬೇಡ. ಮಸಿ ಇಳಿಯುತ್ತದೆ, ಒತ್ತಿದ ಗೆರೆ ಮುಂಬದಿಗೆ ಎದ್ದು ಕಾಣುತ್ತದೆ. ಗಟ್ಟಿ ಹಲಗೆಯ ಮೇಲಿಟ್ಟು, ಮೆತ್ತನೆಯ ಪೆನ್ಸಿಲಿನಲ್ಲಿ, ಅಂಚಿನಲ್ಲಿ ಹಗುರವಾಗಿ ಬರೆಯಿರಿ. ಎಡದಿಂದ ಬಲಕ್ಕೆ ಹೆಸರು, ಊರು, ವರ್ಷ. ಗಮ್ ಟೇಪು ಹಚ್ಚಬೇಡಿ. ಚೌಕಟ್ಟಿನ ಗಾಜಿಗೆ ಅಂಟಿಕೊಂಡಿದ್ದರೆ ಕೀಳಲು ಹೋಗದೆ ಗಾಜಿನ ಮೇಲಿಂದಲೇ ಮೊಬೈಲಿನಲ್ಲಿ ಒಂದು ಪ್ರತಿ ತೆಗೆದಿಟ್ಟುಕೊಳ್ಳಿ.

ಅಜ್ಜಿಯ ಮೊಮ್ಮಗಳು ಏಳನೆಯ ತರಗತಿ. ಕಳೆದ ಭಾನುವಾರ ಅಜ್ಜಿಯ ಪಕ್ಕ ಕೂತು ಎಂಟು ಹೆಸರು ಬರೆದುಕೊಂಡಳು. ಒಂಬತ್ತನೆಯವರು ಪೇಟ ಸುತ್ತಿಕೊಂಡು ಆ ಕಡೆ ನೋಡುತ್ತಿದ್ದಾರೆ. ಅಜ್ಜಿಗೆ ಹೆಸರು ನೆನಪಾಗಲಿಲ್ಲ, ಬೀಗರನ್ನು ಗಾಡಿಯಲ್ಲಿ ಕರೆತಂದವರು ಎಂದಷ್ಟೇ ಹೇಳಿದರು. ಹುಡುಗಿ ಜಾಗ ಬಿಟ್ಟು ಬರೆದಿದ್ದಾಳೆ: "ಕಂಪ್ಲಿಯ ಗಾಡಿ ತಾತ. ಹೆಸರು ಕೇಳಬೇಕು."